ಹ್ಞೂ, ಕಂಡಿತು ಅಂದುಬಿಟ್ಟೆ

ಆ ಡಾಲ್ಫಿನ್ ನನಗೆ ಕಂಡೇ ಇರಲಿಲ್ಲ. ಮೂವತ್ತು ವರ್ಷ ಆಯಿತು, ಈಗ ಹೇಳಿದರೆ ಯಾರೂ ಏನೂ ಅಂದುಕೊಳ್ಳಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

1995. ನಾನಾಗ ಚಿತ್ರಕಲಾ ಶಾಲೆಯಲ್ಲಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ರೂಮಿನವನೊಬ್ಬ ಬೆಂಗಳೂರಿಗೆ ಹೋದವನು ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಒಂದು ಪೋಸ್ಟರ್ ಕೊಂಡು ತಂದ. ಬಿಚ್ಚಿ ಗೋಡೆಗೆ ಅಂಟಿಸಿದ. ನೋಡಿದರೆ ಅದರಲ್ಲಿ ಏನೂ ಇಲ್ಲ. ನೀಲಿ, ಹಸಿರು, ನೇರಳೆ ಚುಕ್ಕೆಗಳು ಅಷ್ಟೇ. ಬಣ್ಣದ ಕುಂಚ ತೊಳೆದ ನೀರು ಚೆಲ್ಲಿದ ಹಾಗಿತ್ತು. ‘ಸುಮ್ನೆ ನೋಡ್ತಾ ಇರ್ರೋ, ಒಳಗಿಂದ ಎದ್ದು ಬರುತ್ತೆ’ ಅಂದ.

ಒಬ್ಬೊಬ್ಬರೇ ಗೋಡೆ ಮುಂದೆ ನಿಂತರು. ಎರಡು ನಿಮಿಷಕ್ಕೊಬ್ಬ ‘ಬಂತು, ಬಂತು!’ ಅಂತ ಕೂಗುವುದು, ಕೈ ಚಾಚಿ ಗಾಳಿಯಲ್ಲಿ ಏನನ್ನೋ ಮುಟ್ಟಲು ಹೋಗುವುದು. ಕೊನೆಯವನು ನಾನು. ಮೂಗು ತಾಗಿಸಿ ನೋಡಿದೆ, ಹಿಂದೆ ಸರಿದು ನೋಡಿದೆ, ಕಣ್ಣಲ್ಲಿ ನೀರು ಬರುವವರೆಗೂ ನೋಡಿದೆ. ಚುಕ್ಕೆ ಚುಕ್ಕೆಯಾಗೇ ಇತ್ತು. ಅಷ್ಟು ಹೊತ್ತಿಗೆ ಮೆಸ್ಸಿನ ಗಂಟೆ ಬಾರಿಸಿತು. ಅವತ್ತು ಭಾನುವಾರ, ಹೋಳಿಗೆ. ಎಲ್ಲರೂ ನನಗಾಗಿ ಕಾಯುತ್ತಿದ್ದಾರೆ. ‘ಹ್ಞೂ, ಕಂಡಿತು’ ಅಂದುಬಿಟ್ಟೆ.

‘ಯಾವ ಕಡೆ ಮುಖ ಮಾಡಿದೆ ಹೇಳು ನೋಡೋಣ?’

‘ಎಡಕ್ಕೆ.’

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರಲ್ಲಿ ಇದ್ದದ್ದು ಎರಡು ಡಾಲ್ಫಿನ್ ಅಂತೆ, ಒಂದಕ್ಕೊಂದು ಎದುರು. ಕೋರ್ಸು ಮುಗಿಯುವವರೆಗೆ ನನ್ನ ಹೆಸರು ಡಾಲ್ಫಿನ್ ಅಂತಲೇ ಆಯಿತು.

ನಗುವಿಗಿಂತ ಜಾಸ್ತಿ ಚುಚ್ಚಿದ್ದು ಬೇರೆ. ಸ್ಟಿಲ್ ಲೈಫ್ ಬರೆಯುವುದರಲ್ಲಿ ಆ ಬ್ಯಾಚಿಗೆಲ್ಲ ನನ್ನದೇ ಕೈ ಚೆನ್ನ ಅಂತ ಮೇಷ್ಟ್ರುಗಳೇ ಹೇಳುತ್ತಿದ್ದರು. ಮಡಕೆ, ಬಟ್ಟೆಯ ಮಡಿಕೆ, ಹಿತ್ತಾಳೆ ಚೊಂಬಿನ ಮೇಲಿನ ಬೆಳಕು, ಎಲ್ಲಾ ನನಗೆ ಕಾಣುತ್ತಿತ್ತು. ಎಲ್ಲರಿಗೂ ಕಂಡ ಡಾಲ್ಫಿನ್ ಮಾತ್ರ ಯಾಕೆ ಕಾಣಲಿಲ್ಲ? ತಾಳ್ಮೆ ಇಲ್ಲ ಅಂದುಕೊಂಡೆ. ಒಂದೊಂದು ಸಲ ಬುದ್ಧಿಯೇ ಸ್ವಲ್ಪ ಕಮ್ಮಿಯೇನೋ ಅಂತಲೂ ಅನ್ನಿಸಿತ್ತು.

ಉತ್ತರ ಸಿಕ್ಕಿದ್ದು ಒಂದು ನೊಣದಿಂದ. ಅಷ್ಟರಲ್ಲಿ ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಹತ್ತು ವರ್ಷ ದಾಟಿತ್ತು. ಏಳು ವರ್ಷದ ಮಗಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬೋರ್ಡು ಓದಿಸಿದ ಮೇಲೆ ಡಾಕ್ಟರಮ್ಮ ಅವಳಿಗೆ ಕಪ್ಪು ಕನ್ನಡಕ ಹಾಕಿ, ಒಂದು ಪುಸ್ತಕ ತೆರೆದು ಮುಂದಿಟ್ಟರು. ಪುಟದ ತುಂಬಾ ದೊಡ್ಡ ನೊಣದ ಫೋಟೋ. ‘ಅದರ ರೆಕ್ಕೆ ಹಿಡ್ಕೋ ಪುಟ್ಟಿ’ ಅಂದರು. ಮಗಳು ‘ಥೂ’ ಅಂತ ಮುಖ ಹಿಂಡಿದಳು. ಆಮೇಲೆ ಎರಡು ಬೆರಳು ಮುಂದೆ ಚಾಚಿ, ಪುಟದಿಂದ ಎರಡು ಇಂಚು ಮೇಲೆ, ಬರೀ ಗಾಳಿಯಲ್ಲಿ ಚಿವುಟಿದಳು. ‘ವೆರಿ ಗುಡ್’ ಅಂದರು ಡಾಕ್ಟರು.

ನನಗೆ ಅರ್ಥವಾಗಲಿಲ್ಲ. ‘ನಾನೊಂದ್ಸಲ ನೋಡ್ಲಾ ಮೇಡಂ?’ ಅಂತ ಕನ್ನಡಕ ಹಾಕಿಕೊಂಡೆ. ರೆಕ್ಕೆ ಹಿಡಿಯಲು ಹೋದ ಬೆರಳು ಸೀದಾ ಕಾಗದಕ್ಕೆ ತಾಗಿತು. ನೊಣ ಪುಟದ ಮೇಲೆ ಚಪ್ಪಟೆಯಾಗಿ ಮಲಗಿತ್ತು. ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿ, ‘ಚಿಕ್ಕಂದಿನಲ್ಲಿ ನಿಮ್ಮ ಕಣ್ಣು ಮಾಲಿತ್ತಾ ಸಾರ್?’ ಅಂತ ಕೇಳಿದರು.

ಇತ್ತು. ಬಲಗಣ್ಣು ಮೂಗಿನ ಕಡೆ ಎಳೆಯುತ್ತಿತ್ತು. ಮಾಲುಗಣ್ಣು ಅದೃಷ್ಟ ಅನ್ನುವುದು ನಮ್ಮಜ್ಜಿಯ ಗಟ್ಟಿ ನಂಬಿಕೆ. ‘ನಮ್ ಮನೇಗ್ ಬಂದಿರೋ ಭಾಗ್ಯ ಕಣೋ ಅದು, ಡಾಕ್ಟ್ರ ಕೈಗೆ ಕೊಟ್ಟು ಕಳಕೋಬೇಡ’ ಅಂತ ಅಪ್ಪನನ್ನು ತಡೆಯುತ್ತಲೇ ಇದ್ದರು. ಅಜ್ಜಿ ತೀರಿಕೊಂಡ ಮೇಲೆ, ನನಗೆ ಹತ್ತು ತುಂಬಿದಾಗ, ಆಪರೇಷನ್ ಆಯಿತು. ಕಣ್ಣು ನೆಟ್ಟಗಾಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ಎಲ್ಲಾ ಸರಿ. ನಾನು ಅದನ್ನು ಮರೆತೇಬಿಟ್ಟಿದ್ದೆ.

ಡಾಕ್ಟರು ಹೇಳಿದ್ದು ಇಷ್ಟು. ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರ ಇದೆ. ಹಾಗಾಗಿ ಎಡಗಣ್ಣಿಗೆ ಕಾಣುವ ಚಿತ್ರವೇ ಬೇರೆ, ಬಲಗಣ್ಣಿಗೆ ಕಾಣುವುದೇ ಬೇರೆ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಅತ್ತಿತ್ತ ನೆಗೆಯುತ್ತದೆ. ಈ ಎರಡು ಚಿತ್ರಗಳ ವ್ಯತ್ಯಾಸದಿಂದಲೇ ಮಿದುಳು ‘ಇದು ಹತ್ತಿರ, ಅದು ದೂರ’ ಅಂತ ಲೆಕ್ಕ ಹಾಕುತ್ತದೆ. ಮಗುವಿನ ಕಣ್ಣು ಮಾಲಿದ್ದರೆ ಎರಡು ಚಿತ್ರಗಳು ಹೊಂದುವುದೇ ಇಲ್ಲ. ಎಲ್ಲವೂ ಎರಡೆರಡಾಗಿ ಕಾಣಬೇಕು. ಆ ಗೊಂದಲ ಬೇಡ ಅಂತ ಮಿದುಳು ಒಂದು ಕಣ್ಣಿನ ಚಿತ್ರವನ್ನು ಪಕ್ಕಕ್ಕೆ ಸರಿಸುವುದನ್ನು ಕಲಿತುಬಿಡುತ್ತದೆ. ಆಮೇಲೆ ಕಣ್ಣು ನೆಟ್ಟಗೆ ಮಾಡಿದರೂ ಆ ಅಭ್ಯಾಸ ಸುಲಭವಾಗಿ ಹೋಗಲ್ಲ. ‘ಒಂದೇ ಮನೇಲಿದ್ದೂ ಮಾತು ಬಿಟ್ಟಿರೋ ಅಣ್ಣತಮ್ಮಂದಿರು ಇರ್ತಾರಲ್ಲ, ಹಾಗೆ’ ಅಂದರು. ನಮ್ಮ ಊರಲ್ಲಿ ಅಂಥ ಮನೆ ಮೂರಿವೆ. ತಕ್ಷಣ ಅರ್ಥವಾಯಿತು.

(ಮನೆಯಲ್ಲಿ ಮಗುವಿನ ಕಣ್ಣು ಮಾಲಿದ್ದರೆ ಅದೃಷ್ಟಕ್ಕೆ ಕಾಯುತ್ತಾ ಕೂರಬೇಡಿ. ಬೇಗ ತೋರಿಸಿದಷ್ಟೂ ಒಳ್ಳೆಯದು.)

ಆ ಪೋಸ್ಟರಿನ ಗುಟ್ಟು ಆಮೇಲೆ ಹುಡುಕಿಕೊಂಡು ಓದಿದೆ. ಕಥೆ ಹಳೆಯದು. 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿದರೆ ಆಳ ಹುಟ್ಟುತ್ತದೆ ಅಂತ ಕನ್ನಡಿಗಳಿಟ್ಟು ಮಾಡಿ ತೋರಿಸಿದ. ಅದಾದ ಕೆಲವೇ ವರ್ಷಕ್ಕೆ ಡೇವಿಡ್ ಬ್ರೂಸ್ಟರ್ ಅನ್ನುವವನು ಗೋಡೆಗೆ ಅಂಟಿಸುವ ಹೂವಿನ ಕಾಗದ ನೋಡುತ್ತಾ ಒಂದು ವಿಚಿತ್ರ ಗಮನಿಸಿದ. ಸಾಲಾಗಿ ಒಂದೇ ಹೂವು ಇರುವ ಕಡೆ ದೃಷ್ಟಿ ಸಡಿಲ ಬಿಟ್ಟರೆ ಹೂವುಗಳು ಗೋಡೆಯಿಂದ ಆಚೆಗೋ ಈಚೆಗೋ ಸರಿಯುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಸೀರೆಯ ಬುಟ್ಟಾ ಸಾಲು ಅಂತಿಟ್ಟುಕೊಳ್ಳಿ. ಎಡಗಣ್ಣು ಒಂದು ಬುಟ್ಟಾ ಮೇಲೆ, ಬಲಗಣ್ಣು ಅದರ ಪಕ್ಕದ ಬುಟ್ಟಾ ಮೇಲೆ ಕೂತರೆ, ಎರಡೂ ಒಂದೇ ಥರ ಇರುವುದರಿಂದ ಮಿದುಳು ಅದನ್ನು ಒಂದೇ ಅಂತ ತಿಳಿಯುತ್ತದೆ. ಆ ‘ಒಂದೇ ಬುಟ್ಟಾ’ ಸೀರೆಯ ಹಿಂದೆಲ್ಲೋ ತೇಲುತ್ತದೆ. ಬುಟ್ಟಾಗಳ ನಡುವಿನ ಅಂತರವನ್ನು ಕೆಲವು ಕಡೆ ಕೂದಲೆಳೆಯಷ್ಟು ಕಮ್ಮಿ ಮಾಡಿದರೆ ಆ ಜಾಗ ಮುಂದಕ್ಕೆ ಉಬ್ಬುತ್ತದೆ. ಡಾಲ್ಫಿನ್ ಇರುವುದು ಆ ಅಂತರದಲ್ಲಿ. ಬಣ್ಣದಲ್ಲೂ ಇಲ್ಲ, ಗೆರೆಯಲ್ಲೂ ಇಲ್ಲ.

1960ರ ಹೊತ್ತಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಬೇಲಾ ಯೂಲೆಶ್ ಅನ್ನುವ ಹಂಗೇರಿಯವನು ಕಂಪ್ಯೂಟರಿನಿಂದ ಬರೀ ಚುಕ್ಕೆಗಳ ಜೋಡಿ ಚಿತ್ರ ಮಾಡಿಸಿದ. ಒಂದೊಂದೇ ಕಣ್ಣಲ್ಲಿ ನೋಡಿದರೆ ಏನೂ ಇಲ್ಲ, ಎರಡೂ ಸೇರಿದರೆ ಮಾತ್ರ ಆಕಾರ. 1979ರಲ್ಲಿ ಕ್ರಿಸ್ಟೋಫರ್ ಟೈಲರ್ ಅದನ್ನು ಒಂದೇ ಚಿತ್ರದೊಳಗೆ ಕೂರಿಸಿದ. ತೊಂಬತ್ತರ ದಶಕದಲ್ಲಿ ಅದು ‘ಮ್ಯಾಜಿಕ್ ಐ’ ಅಂತ ಪ್ರಪಂಚವೆಲ್ಲಾ ಸುತ್ತಿ, ಕೊನೆಗೆ ನಮ್ಮ ಹಾಸ್ಟೆಲಿನ ಗೋಡೆಗೂ ಬಂತು. ಅಂದರೆ, ನನ್ನಂಥವರಿಗೆ ಕಾಣಬಾರದು ಅಂತಲೇ ಲೆಕ್ಕ ಹಾಕಿ ಮಾಡಿದ ಚಿತ್ರ ಅದು!

ಹಾಗಂತ ಡಾಲ್ಫಿನ್ ಕಾಣದವರೆಲ್ಲ ನನ್ನ ಜಾತಿ ಅಲ್ಲ. ಎರಡು ಕಣ್ಣೂ ಒಗ್ಗಟ್ಟಾಗಿರುವ ಎಷ್ಟೋ ಜನಕ್ಕೂ ಅದು ಕಾಣಲ್ಲ. ಕಾರಣ ಸರಳ. ಕಾಗದ ಕೈಯಳತೆಯಲ್ಲಿದ್ದರೆ ಕಣ್ಣು ಕಾಗದವನ್ನೇ ನೋಡಲು ಹೋಗುತ್ತದೆ. ಇಲ್ಲಿ ಮಾಡಬೇಕಾದ್ದು ನೋಟವನ್ನು ಕಾಗದದ ಹಿಂದಕ್ಕೆ ಬಿಟ್ಟು, ಸ್ಪಷ್ಟತೆಯನ್ನು ಮಾತ್ರ ಕಾಗದದ ಮೇಲೇ ಉಳಿಸಿಕೊಳ್ಳುವುದು. ಹುಟ್ಟಿದಾಗಿನಿಂದ ಜೊತೆಯಾಗಿ ಮಾಡಿದ ಎರಡು ಕೆಲಸವನ್ನು ಬೇರೆ ಮಾಡು ಅಂದರೆ ಕಣ್ಣು ಹಟ ಹಿಡಿಯುತ್ತದೆ. ಕಣ್ಣು ಕಿರಿದು ಮಾಡಿ ನೋಡಿದಷ್ಟೂ ಕೆಡುತ್ತದೆ. ಪೋಸ್ಟರಿಗೆ ಗಾಜು ಹಾಕಿಸಿ, ಗಾಜಿನಲ್ಲಿ ನಿಮ್ಮದೇ ಮುಖದ ಪ್ರತಿಬಿಂಬ ನೋಡುತ್ತಾ ನಿಲ್ಲಿ. ಪ್ರತಿಬಿಂಬ ಗಾಜಿನ ಹಿಂದೆ ಇರುವುದರಿಂದ ನೋಟ ತಾನಾಗೇ ಹಿಂದಕ್ಕೆ ಹೋಗುತ್ತದೆ. ತಲೆ ಓರೆ ಮಾಡಬೇಡಿ, ಚಿತ್ರ ಒಡೆದುಹೋಗುತ್ತದೆ. ಇನ್ನು ಕೆಲವರು ಕಣ್ಣನ್ನು ಒಳಕ್ಕೆ ಸೇರಿಸಿ ನೋಡುತ್ತಾರೆ. ಅವರಿಗೆ ಉಬ್ಬಬೇಕಾದ ಡಾಲ್ಫಿನ್ ಡಾಲ್ಫಿನ್ ಆಕಾರದ ಗುಂಡಿಯಾಗಿ ಕಾಣುತ್ತದೆ. ಇದನ್ನೆಲ್ಲಾ ನನಗೆ ಹೇಳಿಕೊಟ್ಟವಳು ಮಗಳು. ನಾನು ಊಟ ಮಾಡದೇ ಅಡುಗೆ ವಿವರಿಸುತ್ತಿದ್ದೇನೆ.

ನೊಣದ ದಿನದ ನಂತರ ಹಳೆಯ ಎಷ್ಟೋ ಸಂಗತಿಗಳಿಗೆ ಅರ್ಥ ಬಂತು. ಕ್ರಿಕೆಟ್ಟಿನಲ್ಲಿ ಸಲೀಸು ಕ್ಯಾಚು ಬಿಟ್ಟು ‘ಕೈಗೆ ಬೆಣ್ಣೆ ಸವರ್ಕೊಂಡ್ ಬಂದಿದ್ದೀಯೇನೋ’ ಅನ್ನಿಸಿಕೊಂಡದ್ದು. ಸೂಜಿಗೆ ದಾರ ಪೋಣಿಸಲು ಹತ್ತು ಸಲ ಹೋಗುವುದು. ತ್ರೀಡಿ ಸಿನಿಮಾದಲ್ಲಿ ಥಿಯೇಟರೇ ಬೆಚ್ಚಿ ಹಿಂದಕ್ಕೆ ವಾಲಿದಾಗ ನಾನೊಬ್ಬ ಪಾಪ್‌ಕಾರ್ನ್ ತಿನ್ನುತ್ತಾ ಕೂತದ್ದು. ಕ್ಯಾಚಿನ ವಿಷಯಕ್ಕೆ ಮಾತ್ರ ಈಗ ನೆಪ ಹೇಳಲು ನಾಚಿಕೆ. ಮನ್ಸೂರ್ ಅಲಿ ಖಾನ್ ಪಟೌಡಿ 1961ರಲ್ಲಿ ಇಂಗ್ಲೆಂಡಿನಲ್ಲಿ ಕಾರ್ ಅಪಘಾತದಲ್ಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಅದೇ ವರ್ಷ ಭಾರತಕ್ಕೆ ಟೆಸ್ಟ್ ಆಡಿದರು. ಒಟ್ಟು 46 ಟೆಸ್ಟ್, ಅದರಲ್ಲಿ 40ಕ್ಕೆ ಕ್ಯಾಪ್ಟನ್. ನನ್ನ ಕೈಗೆ ನಿಜವಾಗಿಯೂ ಬೆಣ್ಣೆಯೇ ಇತ್ತೇನೋ.

ಹಾಗಾದರೆ ನನಗೆ ಪ್ರಪಂಚ ಚಪ್ಪಟೆಯಾಗಿ ಕಾಣುತ್ತದಾ? ಎಲ್ಲರೂ ಕೇಳುವ ಪ್ರಶ್ನೆ. ಇಲ್ಲ. ಬಸ್ಸಿನ ಕಿಟಕಿಯಲ್ಲಿ ಕೂತರೆ ರಸ್ತೆ ಪಕ್ಕದ ತೆಂಗಿನಮರ ಓಡುತ್ತದೆ, ದೂರದ ಗುಡ್ಡ ನಿಧಾನ ಬರುತ್ತದೆ. ಮುಂದಿರುವುದು ಹಿಂದಿರುವುದನ್ನು ಮರೆಮಾಡುತ್ತದೆ. ದೂರದ್ದು ಚಿಕ್ಕದು, ಮಸುಕು. ನೆರಳು ಬೀಳುತ್ತದೆ. ಹತ್ತಿರ ದೂರ ತಿಳಿಯಲು ಇಷ್ಟು ಸಾಕು, ಸ್ಕೂಟರ್ ಓಡಿಸುತ್ತೇನೆ. ಇನ್ನೂ ಒಂದು ಮಾತಿದೆ. ಇವೆಲ್ಲಾ ಚಿತ್ರ ಬರೆಯುವವನಿಗೆ ಬೇಕಾದ ಸಾಮಾನುಗಳೇ ಅಲ್ವಾ? ಪೆನ್ಸಿಲ್ ಚಾಚಿ ಅಳತೆ ಹಿಡಿಯುವಾಗ ‘ಒಂದು ಕಣ್ಣು ಮುಚ್ರೋ’ ಅಂತ ಮಕ್ಕಳಿಗೆ ಹೇಳುತ್ತೇನೆ. ನಾನು ಮುಚ್ಚಬೇಕಾಗಿಲ್ಲ. ರೆಂಬ್ರಾಂಟ್ ತನ್ನನ್ನೇ ಬರೆದುಕೊಂಡ ಚಿತ್ರಗಳಲ್ಲಿ ಒಂದು ಕಣ್ಣು ನೇರ, ಇನ್ನೊಂದು ಹೊರಕ್ಕೆ ಸರಿದಿರುವುದನ್ನು ಗಮನಿಸಿ, ಆತನಿಗೂ ಹೀಗೇ ಇದ್ದಿರಬಹುದು ಅಂತ ಮಾರ್ಗರೆಟ್ ಲಿವಿಂಗ್‌ಸ್ಟನ್ ಮತ್ತು ಬೆವಿಲ್ ಕಾನ್ವೇ 2004ರಲ್ಲಿ ಬರೆದರು. ಊಹೆ ಅಷ್ಟೇ. ಆದರೂ ಅದರ ಪ್ರಿಂಟ್ ತೆಗೆಸಿ ಸ್ಟಾಫ್ ರೂಮಿನ ನನ್ನ ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿಕೊಂಡಿದ್ದೇನೆ.

ಒಂದು ಕಥೆ ಮಾತ್ರ ನನ್ನ ನಿದ್ದೆ ಕೆಡಿಸಿತ್ತು. ಹ್ಯೂಬೆಲ್ ಮತ್ತು ವೀಸೆಲ್ ಅನ್ನುವ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ, ಎಳೆತನದಲ್ಲಿ ಕಣ್ಣು ಮಾಲಿಸಿದರೆ ಎರಡೂ ಕಣ್ಣಿಗೆ ಸ್ಪಂದಿಸುವ ಮಿದುಳಿನ ಕೋಶಗಳು ಕಮ್ಮಿಯಾಗುತ್ತವೆ ಅಂತ ತೋರಿಸಿದ್ದರು. ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು. ಬಾಲ್ಯ ದಾಟಿದರೆ ಮುಗಿಯಿತು ಅನ್ನುವುದು ಎಲ್ಲರ ತಿಳುವಳಿಕೆಯಾಯಿತು. ಆದರೆ ಅಮೆರಿಕದ ಸೂಸನ್ ಬ್ಯಾರಿ, ಆಕೆಯೇ ನರವಿಜ್ಞಾನದ ಮೇಷ್ಟ್ರು, ಚಿಕ್ಕಂದಿನಲ್ಲಿ ಮಾಲುಗಣ್ಣಿಗೆ ಮೂರು ಸಲ ಆಪರೇಷನ್ ಆಗಿತ್ತು. 48ನೇ ವಯಸ್ಸಿನಲ್ಲಿ ಕಣ್ಣಿನ ವ್ಯಾಯಾಮ ಶುರು ಮಾಡಿದರು. ಒಂದು ದಿನ ಕಾರಿನಲ್ಲಿ ಕೂತರೆ ಸ್ಟಿಯರಿಂಗ್ ಚಕ್ರ ಡ್ಯಾಶ್‌ಬೋರ್ಡಿನಿಂದ ಹೊರಕ್ಕೆ ಬಂದು ಗಾಳಿಯಲ್ಲಿ ನಿಂತಿತ್ತು. ಆಮೇಲೊಂದು ದಿನ ಹಿಮ ಬೀಳುವಾಗ, ಪ್ರತಿ ಹಿಮದ ಚೂರೂ ತನ್ನದೇ ಜಾಗದಲ್ಲಿ ಬೀಳುತ್ತಿರುವುದು ಕಂಡಿತು. ನರರೋಗದ ಡಾಕ್ಟರೂ ಲೇಖಕರೂ ಆಗಿದ್ದ ಆಲಿವರ್ ಸ್ಯಾಕ್ಸ್ 2006ರಲ್ಲಿ ಇದನ್ನು ಬರೆದ ಮೇಲೆ ಪ್ರಪಂಚಕ್ಕೆ ಗೊತ್ತಾಯಿತು. ನಾನೂ ದಾರಕ್ಕೆ ಮೂರು ಮಣಿ ಪೋಣಿಸಿ, ಒಂದು ತುದಿ ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿ ಮೂಗಿಗೆ ಹಿಡಿದು ಒಂದೊಂದೇ ಮಣಿ ನೋಡುವ ವ್ಯಾಯಾಮ ನಾಲ್ಕು ತಿಂಗಳು ಮಾಡಿದೆ. ಏನೂ ಆಗಲಿಲ್ಲ. ಮಣಿ ಕೊನೆಗೆ ಮಗಳ ಕೈಬಳೆಗೆ ಹೋಯಿತು.

ಕಣ್ಣು ಸರಿಯಿದ್ದೂ ಕಾಣದಿರುವುದು ಬೇರೆಯೇ ಕಥೆ. ಒಂದು ವರ್ಷ ಶಾಲೆಯ ಪ್ರವಾಸಕ್ಕೆ ಬಾದಾಮಿಗೆ ಹೋಗಿದ್ದೆವು. ಮೊದಲನೇ ಗುಹೆಯ ಬಲಕ್ಕೆ ಹದಿನೆಂಟು ಕೈಯ ನಟರಾಜ. ಎಲ್ಲರೂ ಕೈ ಎಣಿಸುವುದರಲ್ಲೇ ಮುಳುಗಿರುತ್ತಾರೆ, ಎಡಗಡೆ ನೋಡುವುದೇ ಇಲ್ಲ. ಎಡಗಡೆ ದ್ವಾರಪಾಲಕನ ಕೆಳಗೆ ಒಂದು ಆನೆ, ಒಂದು ಎತ್ತು, ಎರಡಕ್ಕೂ ಸೇರಿ ಒಂದೇ ತಲೆ. ಒಂದು ಕಡೆಯಿಂದ ನೋಡಿದರೆ ಆನೆ, ಇನ್ನೊಂದು ಕಡೆಯಿಂದ ಎತ್ತು. ಆರನೇ ಶತಮಾನದ ಕೈಚಳಕ. ಒಬ್ಬ ಹುಡುಗನಿಗೆ ಎತ್ತು ಮಾತ್ರ ಕಂಡಿತು. ‘ಆನೆ ಎಲ್ಲಿದೆ ಸಾರ್?’ ಅಂತ ಅವನು, ‘ಅಲ್ಲೇ ಇದ್ಯಲ್ಲೋ’ ಅಂತ ಉಳಿದ ಮೂವತ್ತು ಜನ. ಅವನ ಮುಖ ಬಾಡಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ‘ಹ್ಞೂ ಸಾರ್, ಕಂಡಿತು’ ಅಂದುಬಿಡುತ್ತಿದ್ದ.

ನೋಟ್‌ಬುಕ್ ತೆಗೆದುಕೊಂಡು ಎತ್ತಿನ ಮೈ ಅವನ ಕಣ್ಣಿಗೆ ಬೀಳದ ಹಾಗೆ ಅಡ್ಡ ಹಿಡಿದೆ. ‘ಈಗ ಉಳಿದಿದ್ದು ಏನು?’ ಒಂದು ಕ್ಷಣ ಸುಮ್ಮನಿದ್ದ. ಆಮೇಲೆ ‘ಏಯ್, ಸೊಂಡ್ಲು!’ ಅಂತ ಕೂಗಿದ. ನೋಟ್‌ಬುಕ್ ತೆಗೆದೆ. ಈಗ ಅವನಿಗೆ ಬೇಡ ಅಂದರೂ ಆನೆ ಹೋಗುತ್ತಿಲ್ಲ. ಅವನ ಕಣ್ಣಲ್ಲಿ ಏನೂ ಬದಲಾಗಿರಲಿಲ್ಲ, ಒಂದು ಸುಳಿವು ಸಿಕ್ಕಿತ್ತು ಅಷ್ಟೇ. ಬಾತುಕೋಳಿಯೂ ಮೊಲವೂ ಆಗುವ ಹಳೆಯ ಚಿತ್ರ ಇದೆಯಲ್ಲ, ಅದನ್ನು ಮೂರು ವರ್ಷದ ಮಕ್ಕಳಿಗೆ ತೋರಿಸಿ ‘ಎರಡೂ ಇದೆ’ ಅಂತ ಹೇಳಿಕೊಟ್ಟರೂ ಅವರಿಗೆ ಹೊರಳುವುದಿಲ್ಲ. ಐದರ ಹೊತ್ತಿಗೆ ಹೊರಳಲು ಶುರುವಾಗುತ್ತದೆ. ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ‘7 ಸೆಕೆಂಡಿನಲ್ಲಿ ಹುಲಿ ಹುಡುಕಿದರೆ ನೀವು ಜೀನಿಯಸ್’ ಅಂತ, ಅದನ್ನು ಕಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಷಡ್ಡಕರು ದಿನಾ ಕಳಿಸುತ್ತಾರೆ.

ಇನ್ನು ಎಲ್ಲರೂ ಮೋಸ ಹೋಗುವ ಕಣ್ಕಟ್ಟುಗಳಿವೆ. ಕಪ್ಪು ಹಲಗೆಯ ಮೇಲೆ ಒಂದೇ ಅಳತೆಯ ಎರಡು ಗೆರೆ ಎಳೆಯುತ್ತೇನೆ. ಒಂದರ ತುದಿಗಳಿಗೆ ಬಾಣದ ತಲೆ, ಇನ್ನೊಂದಕ್ಕೆ ತಿರುಗಾ ಬಾಣ. 1889ರಲ್ಲಿ ಮ್ಯುಲರ್-ಲಯರ್ ಹುಡುಕಿದ್ದು. ಹಲಗೆ ಹತ್ತಿರ ಬಂದು ಅಡಿಪಟ್ಟಿ ಇಟ್ಟು ಅಳೆದ ಹುಡುಗಿ ಒಬ್ಬಳು ಹೇಳಿದ್ದು: ‘ಅಳತೆ ಒಂದೇ ಸಾರ್, ಆದ್ರೂ ಇದೇ ಉದ್ದ.’ ಇದಕ್ಕಿಂತ ಚೆನ್ನಾಗಿ ನಾನು ಪಾಠ ಮಾಡಲಾರೆ. ಇದರಲ್ಲೂ ಎಲ್ಲರೂ ಒಂದೇ ಥರ ಮೋಸ ಹೋಗಲ್ಲ. 1966ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಅಮೆರಿಕದವರು ತುಂಬಾ ಮೋಸ ಹೋದರು, ಕಲಹರಿ ಮರುಭೂಮಿಯ ಸಾನ್ ಜನ ಹೆಚ್ಚೂಕಮ್ಮಿ ಹೋಗಲೇ ಇಲ್ಲ. ಮೂಲೆ ಮೂಲೆಯಾಗಿ ಕಟ್ಟಿದ ಮನೆಗಳಲ್ಲಿ ಬೆಳೆದವರ ಕಣ್ಣಿಗೆ ಈ ಅಭ್ಯಾಸ ಬರುತ್ತದೆ ಅನ್ನುವುದು ಅಧ್ಯಯನ ಮಾಡಿದವರ ವಾದ. ಆದರೆ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ತಂಡ, ನಮ್ಮ ದೇಶದಲ್ಲಿ ಹುಟ್ಟಿನಿಂದ ಪೊರೆ ಬಂದು ಕುರುಡಾಗಿದ್ದ ಮಕ್ಕಳಿಗೆ ಆಪರೇಷನ್ ಮಾಡಿಸಿ, ಕಣ್ಣು ಬಂದ ಕೂಡಲೇ ಇದೇ ಗೆರೆ ತೋರಿಸಿತು. 8ರಿಂದ 16 ವರ್ಷದ ಮಕ್ಕಳು. ಅವರೂ ಮೋಸ ಹೋದರು. 2015ರಲ್ಲಿ ಇದು ಪ್ರಕಟವಾಯಿತು. ಮನೆಯ ಮೂಲೆಯನ್ನೇ ನೋಡದ ಕಣ್ಣಿಗೆ ಯಾವ ಅಭ್ಯಾಸ? ಎರಡೂ ಓದಿದ ಮೇಲೆ ನನಗೆ ಮನೆಯ ವಾದ ಅಷ್ಟಾಗಿ ರುಚಿಸಲಿಲ್ಲ.

ಹೋದ ವರ್ಷದ ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ. ಹೆಂಡತಿ ಕಳಶ ಕದಲಿಸಿ, ಲಕ್ಷ್ಮಿಯ ಮುಖವಾಡ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದಳು. ನಮ್ಮದು ಬೆಳ್ಳಿಯದಲ್ಲ, ಪ್ಲಾಸ್ಟರಿನದು. ಒಳಭಾಗ ಬರೀ ಬಿಳಿ. ನಾನು ಕಾಫಿ ಲೋಟ ಹಿಡಿದು ಆ ಕಡೆಯಿಂದ ಈ ಕಡೆಗೆ ಹೋದೆ. ಲಕ್ಷ್ಮಿ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ವಾಪಸ್ ಬಂದೆ. ಮತ್ತೆ ತಿರುಗಿದಳು. ಕಾಫಿ ತುಳುಕಿತು.

‘ಲೇ, ಬಾ ಇಲ್ಲಿ. ಲಕ್ಷ್ಮಿ ನೋಡ್ತಾ ಇದಾಳೆ.’

‘ಅದು ಬೆನ್ನು ಕಣ್ರೀ. ಮಗುಚಿ ಇಟ್ಟಿದ್ದೀನಿ. ಒಳಗಡೆ ತಗ್ಗು ಕಾಣ್ತಿಲ್ವಾ?’

ಕಾಣುತ್ತಿರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದೇನೆ, ಮೂಗು ಉಬ್ಬಿದೆ, ಕೆನ್ನೆ ತುಂಬಿದೆ. ಬೆರಳು ಇಟ್ಟರೆ ಮಾತ್ರ ಒಳಕ್ಕೆ ಹೋಗುತ್ತದೆ. ಆಗ ನೆನಪಾಯಿತು, ಇದನ್ನು ಎಲ್ಲೋ ಓದಿದ್ದೆ. ಮುಖ ಅಂದರೆ ಉಬ್ಬಿರುವುದೇ ಅಂತ ಮಿದುಳಿಗೆ ಎಷ್ಟು ಗಟ್ಟಿ ಅಂದರೆ, ತಗ್ಗು ಮುಖವನ್ನೂ ಅದು ಉಬ್ಬಿಸಿಯೇ ತೋರಿಸುತ್ತದೆ. ದೂರದಿಂದ ನೋಡಿದರೆ ಹೆಚ್ಚುಕಮ್ಮಿ ಎಲ್ಲರಿಗೂ ಹೀಗೆ. ಸ್ಕಿಜೋಫ್ರೇನಿಯಾ ಇರುವವರು ಇದಕ್ಕೆ ಅಷ್ಟಾಗಿ ಮೋಸ ಹೋಗಲ್ಲ ಅಂತ 2009ರಲ್ಲಿ ಒಂದು ಅಧ್ಯಯನ ಬಂದಿತ್ತು. ಉಳಿದವರಿಗೆ ಹತ್ತಿರ ಬಂದ ಹಾಗೆ ಎರಡು ಕಣ್ಣಿನ ಲೆಕ್ಕ ಅಡ್ಡ ಬಂದು, ‘ಇದು ಗುಂಡಿ’ ಅಂತ ಹೇಳುತ್ತದೆ. ನನಗೆ ಹಾಗೆ ಹೇಳುವವರು ಯಾರೂ ಇಲ್ಲವಲ್ಲ!

‘ಒಂದು ಕಣ್ಣು ಮುಚ್ಕೊಂಡು ನೋಡು’ ಅಂದೆ. ಒರೆಸುವ ಬಟ್ಟೆ ಹಿಡಿದುಕೊಂಡೇ ಒಂದು ಕಣ್ಣು ಮುಚ್ಚಿ ಅತ್ತ ಇತ್ತ ಓಲಾಡಿದಳು.

‘ಅಯ್ಯೋ, ನನ್ನನ್ನೇ ನೋಡ್ತಿದ್ದಾಳಲ್ರೀ!’

ಇನ್ನೊಂದು ಕಣ್ಣು ಬಿಟ್ಟಳು. ‘ಹೋಯ್ತು’ ಅಂದಳು. ಮುಚ್ಚಿದಳು. ‘ಬಂತು.’ ಬಿಟ್ಟಳು. ‘ಹೋಯ್ತು.’ ಹಬ್ಬದ ಪಾತ್ರೆ ಎಲ್ಲಾ ಹಾಗೇ ಬಿದ್ದಿತ್ತು. ಆಮೇಲೆ ಮುಖವಾಡವನ್ನು ಹಳೇ ಪಂಚೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು. ಪಂಚೆಯ ಕೊನೆಯ ಮಡಿಕೆ ಮುಚ್ಚುವವರೆಗೂ ಲಕ್ಷ್ಮಿ ನನ್ನನ್ನು ನೋಡುತ್ತಲೇ ಇದ್ದಳು.